ಹಳದಿ ಬಾಟಲಿಗೆ ಒಂದು ಸುರಕ್ಷಿತ ಜಾಗ

ಬೈಲಹೊಂಗಲದ ಕಾಲೇಜೊಂದರಲ್ಲಿ ನಾನು ರಸಾಯನಶಾಸ್ತ್ರ ಕಲಿಸುತ್ತೇನೆ. ನಾನು ಸೇರುವ ಮೊದಲಿನಿಂದಲೂ ಪ್ರಯೋಗಾಲಯದಲ್ಲಿ ನನ್ನ ಕುರ್ಚಿಯ ಹಿಂದಿನ ಕಪಾಟಿನಲ್ಲಿ ಯುರೇನಿಯಂ ಲವಣದ ಒಂದು ಪುಟ್ಟ ಬಾಟಲಿ ಇತ್ತು, ತಳದಲ್ಲಿ ಹಳದಿ ಪುಡಿ. ಹಿಂದೆ ಯಾವುದೋ ಪ್ರಯೋಗಕ್ಕೆ ಒಂದು ಚಿಟಿಕೆ ಬೇಕಾಗುತ್ತಿತ್ತಂತೆ. ಪಠ್ಯ ಬದಲಾಯಿತು, ಬಾಟಲಿ ಉಳಿಯಿತು. ಯಾರ ತಂಟೆಗೂ ಹೋಗದೆ ತನ್ನ ಪಾಡಿಗೆ ತಾನಿತ್ತು.

ಹೋದ ವರ್ಷ ಮೇಲಿನಿಂದ ಸುತ್ತೋಲೆ ಬಂತು: ಇಂಥದ್ದು ಬಳಕೆಯಲ್ಲಿ ಇಲ್ಲದಿದ್ದರೆ ತಿಳಿಸಿ, ಒಯ್ಯುವವರು ಬರುವ ತನಕ ಸುರಕ್ಷಿತವಾಗಿ ಇಡಿ. ಇದೆ ಎಂದು ಬರೆದುಕೊಟ್ಟೆ. ನಾನು ಪ್ರಾಮಾಣಿಕಳು ನೋಡಿ. ಮರುದಿನವೇ ಸಮಿತಿ ಹುಟ್ಟಿತು. ಯುರೇನಿಯಂ ಅರ್ಧ ಸವೆಯಲು ಕೋಟಿಗಟ್ಟಲೆ ವರ್ಷ ಬೇಕು. ಸಮಿತಿಯ ಅವಧಿ ಒಂದು ಶೈಕ್ಷಣಿಕ ವರ್ಷ.

ತಮ್ಮ ಕೋಣೆಯ ತಿಜೋರಿಯಲ್ಲಿ ಜಾಗವಿಲ್ಲ ಎಂದರು ಪ್ರಾಚಾರ್ಯರು. ಅದರಲ್ಲಿ ಎರಡು ಕ್ರಿಕೆಟ್ ಕಪ್ಪುಗಳಷ್ಟೇ ಇರುವುದು ಎಲ್ಲರಿಗೂ ಗೊತ್ತು. ಭೌತಶಾಸ್ತ್ರದವರು ಇದು ನಿಮ್ಮ ವಿಭಾಗದ್ದು ಎಂದು ಕೈತೊಳೆದುಕೊಂಡರು. ಮುರಗೋಡದಿಂದ ಬರುವ ಇತಿಹಾಸದ ಮೇಷ್ಟ್ರು, "ರಾಮದುರ್ಗದ ಕಡೆ ಎಲ್ಲ್ಯರೆ ಕಳಿಸಿಬಿಡ್ರಿ, ಅಲ್ಲಿ ಗುಡ್ಡ ಭಾಳ ಅದಾವು" ಎಂದು ದೇಶದ ಪರಮಾಣು ನೀತಿಯನ್ನೇ ರೂಪಿಸಿಕೊಟ್ಟರು. ಕೊನೆಗೆ ಮೆಟ್ಟಿಲ ಕೆಳಗಿನ ಸಣ್ಣ ಕೋಣೆ ನೆನಪಾಯಿತು. ಖಾಲಿ ಇದೆ ಎಂದರು. ಎಲ್ಲರೂ ಸಹಿ ಹಾಕಿದೆವು. ಮುಚ್ಚಳ ತೆಗೆಯದಿದ್ದರೆ ಆ ಬಾಟಲಿಯಿಂದ ಯಾರಿಗೂ ಏನೂ ಆಗದು ಎಂದು ಬಲ್ಲವಳು ಅಲ್ಲಿ ನಾನೊಬ್ಬಳೇ. ಹಾಗೆಂದು ಹೇಳಿಬಿಟ್ಟರೆ ಅದು ನನ್ನ ಬೆನ್ನ ಹಿಂದೆಯೇ ಉಳಿಯುತ್ತದೆ ಎಂದೂ ಬಲ್ಲೆ. ಸುಮ್ಮನಿದ್ದೆ.

ಆ 'ಖಾಲಿ' ಕೋಣೆಯಲ್ಲಿ ನಮ್ಮ ಪ್ರಯೋಗಾಲಯದ ಅಟೆಂಡರ್ ಚಾಚಾ ವರ್ಷಗಳಿಂದ ಮಧ್ಯಾಹ್ನದ ನಮಾಜು ಮಾಡುತ್ತಿದ್ದರು, ಬುತ್ತಿ ಬಿಚ್ಚುತ್ತಿದ್ದರು. ಅವರ ಚಾಪೆ, ತಂಬಿಗೆ ಹೊರಬಂದವು. ಬಾಟಲಿ ಒಳಹೋಗಿ ಬೀಗ ಬಿತ್ತು. ಯಾರೂ ಅವರನ್ನು ಒಂದು ಮಾತು ಕೇಳಲಿಲ್ಲ. ಚಾಚಾ ಸೈಕಲ್ ಸ್ಟ್ಯಾಂಡಿನ ತಗಡಿನ ಕೆಳಗೆ, ಬೈಕುಗಳ ನಡುವೆ ಚಾಪೆ ಹಾಸತೊಡಗಿದರು. ಸುರಕ್ಷತೆ ಸಾಧಿಸಲಾಗಿದೆ ಎಂದು ಸಮಿತಿ ವರದಿ ಕಳಿಸಿತು.

ಒಯ್ಯುವವರು ಬರಲಿಲ್ಲ. ಎಂಟು ದಿನ ಚಾಚಾರನ್ನು ಕಿಟಕಿಯಿಂದ ನೋಡಿದೆ. ಒಂಬತ್ತನೆಯ ದಿನ ಚಾಚಾ ಹಣೆಯನ್ನು ನೆಲಕ್ಕೆ ಹಚ್ಚಿದ್ದಾಗ, ಬೈಕು ತೆಗೆಯಲು ಬಂದ ವಿದ್ಯಾರ್ಥಿಯೊಬ್ಬ ಹಾರ್ನ್ ಒತ್ತಿದ. ನನಗೆ ನಾಚಿಕೆಯಾಯಿತು. ಸಮಿತಿಯನ್ನು ಕೇಳಿದರೆ ಉಪಸಮಿತಿ ಹುಟ್ಟುತ್ತದೆಂದು, ಬೀಗದ ಕೈ ಇಸಿದುಕೊಂಡು ಬಾಟಲಿಯನ್ನು ನಾನೇ ತಂದು ಮತ್ತೆ ನನ್ನ ಕುರ್ಚಿಯ ಹಿಂದಿನ ಕಪಾಟಿನಲ್ಲಿಟ್ಟೆ. ಆಮೇಲೆ ಚಾಚಾರನ್ನು ಕರೆದೆ.

"ಚಾಚಾ, ನಿಮ್ಮ ಖೋಲಿ ನಿಮಗ ಬಿಟ್ಟೇನಿ. ಹೆದರಬ್ಯಾಡ್ರಿ, ಆ ಬಾಟ್ಲಿಯಿಂದ ಏನೂ ಆಗೂದಿಲ್ಲ," ಎಂದೆ. ದೊಡ್ಡ ಉಪಕಾರ ಮಾಡಿದವರ ದನಿ ನನ್ನದು.

"ನಾ ಯಾಕ ಹೆದರಲಿ ಮೇಡಮ್ಮಾರ," ಎಂದರು ಚಾಚಾ. "ನೀವು ಬರೂಕಿಂತ ಮೊದಲಿಂದ್ಲೂ ದಿನಾ ಅದರ ಧೂಳಾ ಒರಸಾಂವ ನಾನ. ಆವಾಗ ಯಾರೂ ಮೀಟಿಂಗ್ ಕರೀಲಿಲ್ಲ."