ಮುರಿಗೆಪ್ಪನ ಎರಡು ಕೈ

ಅಂಧೇರಿಯ ನಮ್ಮ ಚಾಳಿನಲ್ಲಿ ಮೊದಲು ಭಾನುವಾರ ಎಂಬುದೊಂದು ಇತ್ತು. ೧೯೫೪ರ ದೀಪಾವಳಿಯ ನಂತರ ಅದು ಹೋಯಿತು. ಬೆಳಿಗ್ಗೆ ಏಳಕ್ಕೆ ಅಂಗಳದಲ್ಲಿ ಠಣ್ ಠಣ್ ಎಂದು ಶುರುವಾದರೆ ಊಟದ ಹೊತ್ತಿಗೊಮ್ಮೆ ನಿಂತು, ಮತ್ತೆ ಹೊತ್ತು ಮುಳುಗುವ ತನಕ ಅದೇ ಸದ್ದು. ನಾನು ಮುನಿಸಿಪಾಲಿಟಿಯ ಕನ್ನಡ ಶಾಲೆಯ ಮಾಸ್ತರ. ವಾರವಿಡೀ ಅರವತ್ತು ಮಕ್ಕಳ ಮಗ್ಗಿ ಕೇಳಿದವನ ಕಿವಿಗೆ ಒಂದು ದಿನದ ರಜೆಯೂ ಬೇಡವೇ? ನನಗೆ ಸಿಟ್ಟು ಬೇಗ ಬರುತ್ತದೆ, ಬಂದದ್ದನ್ನು ಒಳಗಿಟ್ಟುಕೊಳ್ಳುವ ಅಭ್ಯಾಸವೂ ಇಲ್ಲ. ಮೂರನೆಯ ಭಾನುವಾರ ಪಂಚೆ ಎತ್ತಿ ಕಟ್ಟಿಕೊಂಡು ಜಗಳಕ್ಕೆಂದೇ ಕೆಳಗಿಳಿದೆ.

ಹುಣಸೆಮರದ ಬುಡದಲ್ಲಿ ನನ್ನ ಪಕ್ಕದ ಖೋಲಿಯ ಮುರಿಗೆಪ್ಪ ಕಾಲು ಚಾಚಿ ಕೂತಿದ್ದ. ತೊಡೆಯ ಮೇಲೆ ಕಾರಿನ ಮಡ್‌ಗಾರ್ಡು, ಕೈಯಲ್ಲಿ ಬಟ್ಟೆ ಒಗೆಯುವ ಮರದ ಕೊಡತಿ. ಅವನ ಹಿಂದೆ, ಮೂತಿ ಜಜ್ಜಿಹೋದ ಕರಿಯ ಆಸ್ಟಿನ್ ಕಾರು ಇಟ್ಟಿಗೆಗಳ ಮೇಲೆ ನಿಂತಿತ್ತು.

"ಇದನ್ನು ಗ್ಯಾರೇಜಿಗೆ ಕೊಡಬಾರದಾ ಮಾರಾಯ? ನಮ್ಮ ತಲೆ ಯಾಕೆ ಒಡೆಯುತ್ತೀ?" ಎಂದೆ.

ಅವನು ಕೊಡತಿ ಕೆಳಗಿಟ್ಟ. "ಗ್ಯಾರೇಜಿನವ ರಿಪೇರಿ ಆಗೂದಿಲ್ಲ, ಗುಜರಿಗೆ ಹಾಕು ಅಂದಾನ್ರಿ ಮಾಸ್ತರ. ಮತ್ತ ಇದನ್ನ ಕೆಡಿಸಿದ್ದು ನನ್ನ ಕೈ. ನೆಟ್ಟಗ ಮಾಡೂದೂ ನನ್ನ ಕೈನ ಆಗಬೇಕ್ರಿ."

ಜಗಳಕ್ಕೆ ಹೋದವನು ಅವನ ಪಕ್ಕದಲ್ಲೇ ಕೂತುಬಿಟ್ಟೆ. ಮುರಿಗೆಪ್ಪನ ಮೇಲೆ ಸಿಟ್ಟು ಮಾಡುವುದಕ್ಕೆ ಬೇರೆಯೇ ಸಾಮರ್ಥ್ಯ ಬೇಕು, ಅದು ನನಗಿಲ್ಲ.

ಅವನು ವಿಜಾಪುರದ ಕಡೆಯವನು. ಹದಿನೆಂಟು ತುಂಬುವ ತನಕ ಊರಿನಲ್ಲಿ ಎತ್ತಿನ ಗಾಡಿ ಹೊಡೆದಿದ್ದ. ಆಮೇಲೆ ಮುಂಬಯಿಗೆ ಬಂದು ಬಟ್ಟೆ ಮಾರ್ಕೆಟ್ಟಿನಲ್ಲಿ ಗಂಟು ಹೊತ್ತು, ವಯಸ್ಸು ನಲವತ್ತಾಗುವ ಹೊತ್ತಿಗೆ ತನ್ನದೇ ವ್ಯಾಪಾರ ಹಿಡಿದ. ಇಳಕಲ್ ಸೀರೆ, ಗುಳೇದಗುಡ್ಡದ ಕುಪ್ಪಸದ ಖಣ ತರಿಸಿ ಮನೆಮನೆಗೆ ಒಯ್ದು ಮಾರುವುದು. ವ್ಯಾಪಾರ ಅವನದು ಎನ್ನುವುದು ಹೇಳುವುದಕ್ಕೆ ಮಾತ್ರ. ಮಾರುತ್ತಿದ್ದವರು ಅವನ ಹೆಂಡತಿ ಶರಣವ್ವ. ಅವರು ನೇರ ಅಡುಗೆಮನೆಗೇ ಹೋಗಿ ಕೂತು, ಆ ಮನೆಯ ಸೊಸೆಗೆ ಎಷ್ಟನೇ ತಿಂಗಳು, ಮಗಳಿಗೆ ಎಲ್ಲಿಂದ ಗಂಡು ಬಂದಿದೆ ಎಂಬುದನ್ನೆಲ್ಲ ಕೇಳಿ ಮುಗಿಸಿ ಆಮೇಲೆ ಗಂಟು ಬಿಚ್ಚುತ್ತಿದ್ದರು. ಮುರಿಗೆಪ್ಪ ಹೊರಗೆ ಕಾರು ಒರೆಸುತ್ತ ನಿಲ್ಲುತ್ತಿದ್ದ. ಅವನೊಬ್ಬನನ್ನೇ ಕಳಿಸಿದರೆ, "ಈ ಬಣ್ಣ ನಿಮಗ ಒಪ್ಪೂದಿಲ್ಲ ಬಿಡ್ರಿ ಅಕ್ಕಾರ" ಎಂದು ಹೇಳಿ ಬರುವಷ್ಟು ಒಳ್ಳೆಯವನು.

ಕಾರು ಕಾಂದಿವಲಿಯ ಮುದಿ ಡಾಕ್ಟರರೊಬ್ಬರು ಕಣ್ಣು ಮಂಜಾದ ಮೇಲೆ ಮಾರಿದ್ದು. ಶರಣವ್ವ ಹಿಂದಿನ ಸೀಟಿನಲ್ಲಿ ಸೀರೆಯ ಗಂಟುಗಳ ನಡುವೆ ಕೂರುತ್ತಿದ್ದರು. ಹೆಂಗಸು ಗಂಡನ ಪಕ್ಕ ಮುಂದೆ ಕೂತು ಬೀದಿಯಲ್ಲಿ ಹೋಗುವುದು ಅವರ ಕಡೆ ರೂಢಿಯಿರಲಿಲ್ಲ.

ದೀಪಾವಳಿಗೆ ನಾಲ್ಕು ದಿನ ಮೊದಲು ಇಬ್ಬರೂ ಸಯನ್ನಿಗೆ ಹೊರಟಿದ್ದರು. ಅಲ್ಲಿ ಫುಟ್‌ಪಾತಿನ ಮೇಲೆ ಚನ್ನಬಸಯ್ಯನವರು ಬರುತ್ತಿದ್ದರು. ಅವರು ಮುರಿಗೆಪ್ಪನ ಊರಿನ ಅಯ್ಯನವರು, ಅವನ ಮನೆತನಕ್ಕೆ ಗುರುಗಳು. ಆಗ ಸಯನ್ನಿನಲ್ಲಿ ಮಗನ ಮನೆಯಲ್ಲಿದ್ದರು. ಅಯ್ಯನವರು ಎದುರಾದರೆ ಎರಡೂ ಕೈ ಜೋಡಿಸಿ ಶರಣು ಎನ್ನಬೇಕು, ಒಂದು ಕೈ ಎತ್ತಿದರೆ ಅವಮಾನ ಮಾಡಿದ ಹಾಗೆ. ಎತ್ತಿನ ಗಾಡಿಯಲ್ಲಿ ಇದರಿಂದ ಯಾವ ತೊಂದರೆಯೂ ಇಲ್ಲ. ಹಗ್ಗ ಬಿಟ್ಟು ಕೈ ಮುಗಿದರೂ ಎತ್ತು ತನ್ನ ಪಾಡಿಗೆ ದಾರಿ ಹಿಡಿದು ನಡೆಯುತ್ತದೆ. ಆಸ್ಟಿನ್‌ಗೆ ಆ ಬುದ್ಧಿ ಇರಲಿಲ್ಲ. ಮುರಿಗೆಪ್ಪ ಸ್ಟೇರಿಂಗ್ ಬಿಟ್ಟು, ಎರಡೂ ಕೈ ಹಣೆಗೆ ಮುಟ್ಟಿಸಿ, ಭಕ್ತಿಯಿಂದ ಕಣ್ಣನ್ನೂ ಮುಚ್ಚಿ "ಶರಣ್ರಿ ಅಯ್ಯಾರ" ಎಂದ. ಕಣ್ಣು ಬಿಟ್ಟಾಗ ದೀಪದ ಕಂಬಕ್ಕೆ ಬಾನೆಟ್ಟು ಅಪ್ಪಿಕೊಂಡಿತ್ತು.

ಆಗ ಮುಂಬಯಿಯಲ್ಲಿ ದಾರೂಬಂದಿಯ, ಪಾನನಿಷೇಧದ ಕಾಲ. ಓಡಿಬಂದ ಹವಾಲ್ದಾರ ಮೊದಲು ಮುರಿಗೆಪ್ಪನ ಬಾಯಿ ಮೂಸಿ ನೋಡಿದ. ಬೆಳ್ಳುಳ್ಳಿ ಹಾಕಿದ ಶೇಂಗಾ ಚಟ್ನಿಯ ವಾಸನೆ ಬಿಟ್ಟರೆ ಏನೂ ಸಿಗದೆ, ಹೀಗೆ ಕುಡಿಯದೆ ಕಂಬಕ್ಕೆ ಗುದ್ದುವವರೂ ಇದ್ದಾರೆಯೇ ಎಂದು ತಲೆ ಕೆರೆದುಕೊಂಡ. ಇಷ್ಟನ್ನು ಮುರಿಗೆಪ್ಪನೇ ನಗುತ್ತ ಹೇಳುತ್ತಿದ್ದ. ಮುಂದಿನದನ್ನು ಹೇಳುವಾಗ ನಗುತ್ತಿರಲಿಲ್ಲ. ಶರಣವ್ವನವರ ಹಣೆ ಒಡೆದು ಆಸ್ಪತ್ರೆಯಲ್ಲಿ ನಾಲ್ಕು ಹೊಲಿಗೆ ಹಾಕಿದ್ದರು. ಕೈತುಂಬ ಇದ್ದ ಹಸಿರು ಬಳೆಗಳಲ್ಲಿ ಒಂದೂ ಉಳಿದಿರಲಿಲ್ಲ.

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಅವರು ಗಂಡನಿಗೆ ಹೇಳಿದ್ದು ಒಂದೇ ಮಾತು. ಗೋಡೆಯ ಆಚೆಯಿಂದ ನನಗೂ ಕೇಳಿತು.

"ಅಯ್ಯಾರಿಗೆ ಎರಡೂ ಕೈ ಕೊಟ್ರಿ. ನನಗಂತ ಒಂದ ಕೈನೂ ಉಳಸಲಿಲ್ಲ."

ಅಂದಿನಿಂದ ಶರಣವ್ವ ವ್ಯಾಪಾರದ ಮಾತು ಬಿಟ್ಟರು. ಗಂಟು ಹೊತ್ತು ಲೋಕಲ್‌ನಲ್ಲಿ ಒಬ್ಬನೇ ಹೋದ ಮುರಿಗೆಪ್ಪ ಹೊತ್ತ ಗಂಟನ್ನು ಹಾಗೇ ಹೊತ್ತು ತಂದ. ಕಾರನ್ನು ಎತ್ತಿನ ಗಾಡಿಯ ಹಿಂದೆ ಕಟ್ಟಿ ಸಯನ್ನಿನಿಂದ ಅಂಧೇರಿಗೆ ಎಳೆಸಿ ತಂದದ್ದೂ ಅವನೊಬ್ಬನೇ.

"ಗಾಡಿ ಹ್ಯಾಂಗರೆ ನೆಟ್ಟಗಾಗತೈತ್ರಿ ಮಾಸ್ತರ," ಎಂದ, ನಾನು ಜಗಳಕ್ಕೆಂದು ಇಳಿದ ಆ ದಿನ ಮಡ್‌ಗಾರ್ಡು ಸವರುತ್ತ. "ಆಕಿ ಮತ್ತ ಅದರಾಗ ಕೂಡಬೇಕಲ್ಲ."

ಅವನ ಕೆಲಸಕ್ಕೆ ಗುರುವಿರಲಿಲ್ಲ. ಗೋಣಿಚೀಲಕ್ಕೆ ಮರಳು ತುಂಬಿ ಅದರ ಮೇಲೆ ತಗಡಿಟ್ಟು ಕೊಡತಿಯಿಂದ ಬಡಿಯುವುದು. ಚಿಕ್ಕ ತಗ್ಗುಗಳಿಗೆ ಒಳಗಿನಿಂದ ಆನಿಸುವುದಕ್ಕೆ ಶರಣವ್ವನವರ ಮಸಾಲೆ ಅರೆಯುವ ಗುಂಡುಕಲ್ಲನ್ನೇ ಕದ್ದು ತಂದಿದ್ದ. ಕಲ್ಲಿನ ಮೇಲೆ ತಗಡು, ತಗಡಿನ ಮೇಲೆ ಪೆಟ್ಟು. ಒಂದು ತಗ್ಗು ಏಳುವಷ್ಟರಲ್ಲಿ ಪಕ್ಕದಲ್ಲಿ ಇನ್ನೊಂದು ಉಬ್ಬುತ್ತಿತ್ತು. ತಿಂಗಳು ಕಳೆದರೂ ಮಡ್‌ಗಾರ್ಡು ಸೀತಾಫಲದ ಸಿಪ್ಪೆಯಂತೆಯೇ ಇತ್ತು. ನಾನು ಹಾಗೆಂದು ಬಾಯಿಬಿಟ್ಟು ಹೇಳಿಯೂಬಿಟ್ಟೆ. ಅವನು ಬೇಸರ ಮಾಡಿಕೊಳ್ಳಲಿಲ್ಲ, "ಅದೂ ಖರೇನ" ಎಂದ.

ಗುಂಡುಕಲ್ಲು ಹುಡುಕಿಕೊಂಡು ಶರಣವ್ವ ಕೆಳಗಿಳಿದು ಬಂದದ್ದು ಡಿಸೆಂಬರಿನ ಒಂದು ಭಾನುವಾರ. ಹಣೆಯ ಗಾಯ ಆಗಲೇ ಮಾಗಿ ಗೆರೆಯಾಗಿತ್ತು. ಕಲ್ಲು ಎತ್ತಿಕೊಂಡು ಬೈದರು, ಹೊರಡುವುದಕ್ಕೆ ತಿರುಗಿದರು, ಮತ್ತೆ ನಿಂತರು. ಕೆಟ್ಟ ಕೆಲಸ ಕಣ್ಣೆದುರು ಬಿದ್ದಿರುವಾಗ ಸುಮ್ಮನೆ ಹೋಗುವ ಜಾತಿಯಲ್ಲ ಅವರು.

"ಕಣ್ಣಿಲೆ ನೋಡಿ ಬಡೀಲಿಕ್ಹತ್ತೀರಿ. ಅದು ಕಣ್ಣಿಗೆ ಕಾಣತೈತೇನು?"

ಸೆರಗಿನ ತುದಿಯನ್ನು ಅಂಗೈಯ ಕೆಳಗೆ ಹಾಕಿಕೊಂಡು ಮಡ್‌ಗಾರ್ಡಿನ ಮೇಲೆ ಮೆಲ್ಲಗೆ ಕೈಯಾಡಿಸಿದರು. ಮೂವತ್ತು ವರ್ಷ ಜೋಳದ ರೊಟ್ಟಿ ತಟ್ಟಿದ ಕೈ ಅದು. ರೊಟ್ಟಿ ಎಲ್ಲಿ ದಪ್ಪ, ಎಲ್ಲಿ ತೆಳುವು ಎಂಬುದನ್ನು ನೋಡದೆಯೇ ತಿಳಿಯುವ ಕೈ. "ಇಲ್ಲಿ ಉಬ್ಬೈತಿ" ಎಂದರು. ಮುರಿಗೆಪ್ಪ ಸೀಮೆಸುಣ್ಣದಿಂದ ಗುರುತು ಹಾಕಿದ. "ಇಲ್ಲಿ ಇನ್ನೂ ತಗ್ಗೈತಿ. ಜೋರ ಬಡೀಬ್ಯಾಡ್ರಿ, ಅಂಚಿನಿಂದ ನಡಕ ಬರ್ರಿ." ನಮ್ಮ ಕಣ್ಣಿಗೆ ಸಪಾಟಾಗಿ ಕಂಡಲ್ಲೆಲ್ಲ ಅವರ ಅಂಗೈಗೆ ಗುಡ್ಡ ಹಳ್ಳ ಸಿಕ್ಕವು.

ಅಲ್ಲಿಂದ ಮುಂದೆ ನನ್ನ ಭಾನುವಾರಗಳಲ್ಲಿ ಸದ್ದಿನ ಜೊತೆಗೆ ಮಾತೂ ಸೇರಿತು. ಶರಣವ್ವ ಕೈಯಾಡಿಸಿ ಹೇಳುವುದು, ಅವನು ಬಡಿಯುವುದು. ರೇಡಿಯೇಟರನ್ನು ಬಿಚ್ಚಿ ಚಾಳಿನ ನೀರಿನ ಪೀಪಾಯಿಯಲ್ಲಿ ಮುಳುಗಿಸಿ, ಒಂದು ಬಾಯಿಗೆ ಬಟ್ಟೆ ತುರುಕಿ ಇನ್ನೊಂದರಿಂದ ಮುರಿಗೆಪ್ಪ ಊದಿದ. ಗುಳ್ಳೆ ಎದ್ದಲ್ಲೆಲ್ಲ ಗುರುತು ಮಾಡಿ, ಪಾತ್ರೆಗೆ ಕಲಾಯಿ ಹಾಕುವವನು ಓಣಿಗೆ ಬಂದಾಗ ಅವನಿಂದಲೇ ತವರದ ಬೆಸುಗೆ ಹಾಕಿಸಿದರು. ಬಣ್ಣದ ವಿಷಯದಲ್ಲಂತೂ ಶರಣವ್ವ ಯಾರ ಮಾತನ್ನೂ ಕೇಳಲಿಲ್ಲ. ಅವನು ತಂದ ಮೂರು ಕರಿ ಡಬ್ಬಿಗಳನ್ನು ಹಿಂದೆ ಕಳಿಸಿದರು. "ಕರಿದರಾಗೂ ನೂರು ಬಣ್ಣ ಅದಾವು. ಇದಕ್ಕ ಚಂದ್ರಕಾಳಿ ಸೀರಿ ಕರಿ ಬೇಕು." ನಾಲ್ಕನೆಯ ಡಬ್ಬಿ ಒಪ್ಪಿಗೆಯಾಯಿತು.

ಸಂಕ್ರಾಂತಿಯ ಮರುದಿನ ಆಸ್ಟಿನ್ ಕೆಮ್ಮಿ ಕೆಮ್ಮಿ ಶುರುವಾಯಿತು. ಚಾಳಿನವರೆಲ್ಲ ಖೋಲಿಗಳ ಮುಂದಿನ ಗ್ಯಾಲರಿಯಲ್ಲಿ ಸೇರಿದ್ದರು. ಮುರಿಗೆಪ್ಪ ತೊಳೆದ ಅಂಗಿ ಹಾಕಿಕೊಂಡು ಹಿಂದಿನ ಬಾಗಿಲು ತೆರೆದು ನಿಂತ. ಶರಣವ್ವ ಮಡ್‌ಗಾರ್ಡನ್ನು ಒಮ್ಮೆ ಸವರಿ, "ಛಲೋ ಆಗೈತಿ" ಎಂದು ಹೇಳಿ ರೊಟ್ಟಿ ಮಾಡಲು ಮೇಲೆ ಹೋದರು. ಅವನು ತೆರೆದ ಬಾಗಿಲನ್ನು ಹಿಡಿದುಕೊಂಡು ಎಷ್ಟೋ ಹೊತ್ತು ಹಾಗೇ ನಿಂತಿದ್ದ. ನನಗೆ ನೋಡಲಾಗಲಿಲ್ಲ.

ಆ ಸಂಜೆ ಅವನು ನನ್ನ ಖೋಲಿಗೆ ಬಂದ. "ಮಾಸ್ತರ, ನೀವೊಂದೀಟು ಹಣಿಗೆ ವಿಭೂತಿ ಹಚ್ಚಿಕೊಂಡು ಗಾಡಿ ಮುಂದ ಹಾದು ಹೋಗ್ರಿ."

"ಯಾಕೋ?"

"ನೀವು ಅಯ್ಯಾರಂತ ತಿಳಕೊಂಡು ಕೈ ಎತ್ತದಂಗ ಕೂಡೂದು ಕಲೀತೀನಿ."

"ಗಾಡಿ ನಿಲ್ಲಿಸಿ ಆಮೇಲೆ ಕೈ ಮುಗಿಯಬಾರದಾ?"

"ನಿಲ್ಲಸಬೇಕು ಅನ್ನೂದು ನೆನಪಾಗೂದರೊಳಗ ಕೈ ಮ್ಯಾಲ ಹೋಗಿರತಾವ್ರಿ."

ಹೀಗೆ ಉಡುಪಿಯ ಮಾಧ್ವ ಬ್ರಾಹ್ಮಣನಾದ ನಾನು ಹಣೆತುಂಬ ಅಡ್ಡವಿಭೂತಿ ಬಳಿದುಕೊಂಡು, ಕೈಯಲ್ಲೊಂದು ಕೋಲು ಹಿಡಿದು, ಇಡೀ ಚಾಳು ನೋಡುತ್ತಿರುವಾಗ ನಿಂತ ಕಾರಿನ ಮುಂದೆ ಗಂಭೀರವಾಗಿ ನಡೆದೆ. ಮುರಿಗೆಪ್ಪ ಸ್ಟೇರಿಂಗನ್ನು ಗಟ್ಟಿಯಾಗಿ ಹಿಡಿದು ಕೂತಿದ್ದ. ನಾನು ಎದುರಿಗೆ ಬಂದೊಡನೆ ಎರಡೂ ಕೈ ಹಣೆಗೆ ಹೋದವು. ಇನ್ನೊಮ್ಮೆ ನಡೆದೆ, ಇನ್ನೊಮ್ಮೆ ಹೋದವು. ಆರನೆಯ ಸಲಕ್ಕೆ ಅವನು ಖಣದ ಒಂದು ತುಂಡು ಹರಿದು, ಹಲ್ಲಿನಿಂದ ಗಂಟು ಎಳೆದು, ತನ್ನ ಎಡಗೈಯನ್ನು ಸ್ಟೇರಿಂಗಿಗೆ ಕಟ್ಟಿಕೊಂಡ. ಮೊದಲು ಗ್ಯಾಲರಿಯಲ್ಲಿ ನಗುತ್ತಿದ್ದವರು ಆಗ ಕಟಕಟೆಯ ಮೇಲೆ ಬಾಗಿ ನೋಡತೊಡಗಿದರು. ನಾನು ಏಳನೆಯ ಸಲ ಹಾದುಹೋದಾಗ ಬಲಗೈ ಹಣೆಗೆ ಹೋಯಿತು. ಕಟ್ಟಿದ ಎಡಗೈ ಅದನ್ನು ಕೂಡಿಕೊಳ್ಳಲು ಎಳೆದಾಡಿತು.

ಶರಣವ್ವ ಮೆಟ್ಟಿಲಿನ ಮೇಲೆ ನಿಂತು ಇದನ್ನೆಲ್ಲ ನೋಡಿದ್ದರು. ಕೆಳಗೆ ಬಂದು, ಕಿಟಕಿಯೊಳಗೆ ಕೈ ಹಾಕಿ, ಗಂಡನ ಮಣಿಕಟ್ಟಿನ ಗಂಟನ್ನು ಬಿಚ್ಚತೊಡಗಿದರು. ಗಂಟು ಬಿಗಿಯಾಗಿತ್ತು, ಹೊತ್ತು ಹಿಡಿಯಿತು.

"ನೀವು ಬೇಕಂತ ಬಿಟ್ಟಿದ್ರಿ ಅಂತ ತಿಳಿದಿದ್ದೆ," ಎಂದರು.

"ನಿನ್ನ ಹ್ಯಾಂಗ ಬೇಕಂತ ಬಿಡಲಿ?" ಎಂದ ಮುರಿಗೆಪ್ಪ. "ಕೈ ನನ್ನ ಮಾತು ಕೇಳೂದಿಲ್ಲ."

"ಗೊತ್ತಾತು. ನಾಳೆ ದಾನವ್ವನ ಮಗಳ ಮದುವಿ ಸೀರಿ ಒಯ್ಯೂದೈತಿ. ನಾ ಬರತೀನಿ. ಆದರ ಮುಂದ ಕೂಡತೀನಿ." ನನ್ನ ಕಡೆ ತಿರುಗಿ, "ಮಾಸ್ತರ, ನೀವು ಹಿಂದ ಗಂಟಿನ ಸಂಗಾಟ ಕೂಡ್ರಿ. ಮೊದಲ ಹಣಿ ತೊಳಕೊಳ್ರಿ," ಎಂದರು.

ದಾನವ್ವ ಸಯನ್ನಿನ ಅವರ ಹಳೆಯ ಗಿರಾಕಿ. ಮರುದಿನ ಭಾನುವಾರ, ನಾನು ನಲವತ್ತು ಸೀರೆಗಳ ನಡುವೆ ಮೊಣಕಾಲು ಮಡಚಿ ಕೂತೆ. ಶರಣವ್ವ ತಲೆಯ ಮೇಲೆ ಸೆರಗು ಹೊದ್ದು ಮುಂದೆ, ಗಂಡನ ಎಡಕ್ಕೆ ಕೂತರು. ಕೈತುಂಬ ಹೊಸ ಹಸಿರು ಬಳೆ. ಮಾಹಿಮ್ ದಾಟುವ ತನಕ ನಾನು, ಅಯ್ಯನವರು ಎದುರಾಗದಿರಲಿ ಎಂದು ಬೇಡಿಕೊಳ್ಳುತ್ತಲೇ ಇದ್ದೆ.

ಸಯನ್ನಿನ ಆ ರಸ್ತೆಗೆ ತಿರುಗುತ್ತಲೇ ನಾನು ಬೇಡಿಕೊಂಡದ್ದು ನಡೆಯಲಿಲ್ಲ. ಎಡಗಡೆಯ ಫುಟ್‌ಪಾತಿನ ಮೇಲೆ ಕೊಡೆ ಹಿಡಿದು ಚನ್ನಬಸಯ್ಯನವರು ಬರುತ್ತಿದ್ದರು. ಪಾಪ, ಕಂಬದ ಪ್ರಸಂಗವಾದ ಮೇಲೆ ಆ ಮುದುಕರು ಕರಿ ಕಾರು ಕಂಡರೆ ಅಡಗಿಕೊಳ್ಳುತ್ತಿದ್ದರಂತೆ. ನಮ್ಮನ್ನು ಕಂಡೊಡನೆ ಅವಸರದಿಂದ ಒಂದು ಮರದ ಹಿಂದೆ ಸರಿದರು. ಕೊಡೆ ಮಾತ್ರ ಹೊರಗೇ ಉಳಿಯಿತು.

ಮುರಿಗೆಪ್ಪ ನೋಡಿಬಿಟ್ಟಿದ್ದ. ಸ್ಟೇರಿಂಗಿನ ಮೇಲೆ ಅವನ ಬೆರಳು ಸಡಿಲವಾದದ್ದು ಹಿಂದಿನಿಂದ ನನಗೆ ಕಂಡಿತು. ನಾನು ಗಂಟನ್ನು ಅವುಚಿಕೊಂಡೆ.

"ನಿಮ್ಮ ಕೈ ಅಲ್ಲೇ ಇರಲಿ," ಎಂದರು ಶರಣವ್ವ. ದನಿಯಲ್ಲಿ ಗಾಬರಿಯಿರಲಿಲ್ಲ. ತಮ್ಮ ಬಲಗೈ ಎತ್ತಿ, "ಇದು ನಿಮ್ದು" ಎಂದರು. ಎಡಗೈ ಎತ್ತಿ, "ಇದು ನಂದು" ಎಂದರು. ಎರಡನ್ನೂ ಜೋಡಿಸಿ, ಹಣೆಯ ಗೆರೆಗೆ ಮುಟ್ಟಿಸಿ, ಕಿಟಕಿಯತ್ತ ಬಾಗಿದರು. "ಶರಣ್ರಿ ಅಯ್ಯಾರ."

ಕೊಡೆಯ ಮರೆಯಿಂದ ಒಂದು ಕೈ ಮೇಲೆದ್ದು ಹರಸಿತು. ಮುರಿಗೆಪ್ಪನ ಬೆರಳುಗಳು ಸ್ಟೇರಿಂಗಿನ ಮೇಲೆ ಒಂದೊಂದಾಗಿ ಮತ್ತೆ ಕೂತವು. ನನ್ನ ಕಣ್ಣು ತುಂಬಿ ಸೀರೆಯ ಗಂಟೂ ಸರಿಯಾಗಿ ಕಾಣಲಿಲ್ಲ. ಕಾರು ದೀಪದ ಕಂಬವನ್ನು ಬದಿಗೆ ಬಿಟ್ಟು ದಾನವ್ವನ ಮನೆಯ ಕಡೆಗೆ ನೆಟ್ಟಗೆ ಹೋಯಿತು.