ಭಂಡಾರದ ಕೆಳಗಿನ ಬಣ್ಣ

ಹಡಗಲಿಯ ಆಸ್ಪತ್ರೆಯಲ್ಲಿ ನರ್ಸಾಗಿದ್ದಾಗ ನಾನು ಒಮ್ಮೆ ಹೆಲಿಕಾಪ್ಟರು ಹತ್ತಿದ್ದೇನೆ. ಅದನ್ನು ಕೇಳಿ ಯಾರಾದರೂ ಪುಣ್ಯವಂತೆ ಎಂದರೆ ಇವತ್ತಿಗೂ ಸಿಟ್ಟು ಬರುತ್ತದೆ.

ಆ ವರ್ಷ ಹೊಳೆ ಉಕ್ಕಿ, ಹಳ್ಳಗಳು ತುಂಬಿ, ಬಳ್ಳಾರಿ ರಸ್ತೆ ಬಂದಾಗಿತ್ತು. ಮೈಲಾರದ ಕಡೆಯ ಬಾಣಂತಿಯೊಬ್ಬಳಿಗೆ ಹೆರಿಗೆಯಾದ ಮೇಲೂ ರಕ್ತ ನಿಲ್ಲಲಿಲ್ಲ. ಏರಿಸಲು ನಮ್ಮಲ್ಲಿ ರಕ್ತವಿರಲಿಲ್ಲ. ನೆರೆ ನೋಡಲು ಬಂದ ಮಂತ್ರಿಯ ಹೆಲಿಕಾಪ್ಟರು ಶಾಲೆಯ ಬಯಲಿನಲ್ಲಿ ನಿಂತಿದೆಯೆಂದು ತಿಳಿದು ನಮ್ಮ ಡಾಕ್ಟರು ಓಡಿಹೋಗಿ ಕೈಮುಗಿದು ಒಪ್ಪಿಸಿದರು. ಇದ್ದ ಡಾಕ್ಟರು ಅವರೊಬ್ಬರೇ, ಊರು ಬಿಡುವಂತಿರಲಿಲ್ಲ. ನೀವೇ ಹೋಗಬೇಕು ಎಂದರು. ಬಸ್ಸಿನಲ್ಲೇ ವಾಂತಿ ಮಾಡುವವಳು ನಾನು. ಕಿಬ್ಬೊಟ್ಟೆ ಒತ್ತಿ ಹಿಡಿದುಕೊಂಡಿರಿ, ನಾಡಿ ಇಳಿದರೆ ಸಲೈನ್ ಜೋರು ಮಾಡಿ ಎಂದು ಹೇಳಿ ಹತ್ತಿಸಿಯೇಬಿಟ್ಟರು.

ಅಷ್ಟರಲ್ಲಿ ಕೂಸನ್ನು ಕಂಕುಳಲ್ಲಿಟ್ಟುಕೊಂಡು ಬಾಣಂತಿಯ ತಾಯಿ ಬಂದಳು. ಸೆರಗಿನ ಗಂಟು ಬಿಚ್ಚಿ, ಮೈಲಾರಲಿಂಗನ ಭಂಡಾರದ ಅರಿಸಿನಪುಡಿಯನ್ನು ಮಗಳ ಹಣೆ, ಕೆನ್ನೆ, ತುಟಿ, ಅಂಗೈಗೆಲ್ಲ ಮೆತ್ತಿದಳು.

"ಒರಸಬ್ಯಾಡ್ರಿ ಅಕ್ಕಾರ. ಇದು ಇರೋತನಕ ಇಕಿಗೆ ಏನೂ ಆಗಂಗಿಲ್ಲ" ಎಂದಳು. ನಾನು ಹೂಂ ಎಂದೆ.

ಮೇಲೇರಿದ್ದೇ ತಡ, ಕಿವಿ ಗಡಚಿಕ್ಕುವ ಸದ್ದು. ಆ ಸದ್ದಿನಲ್ಲಿ ಸ್ಟೆತಾಸ್ಕೋಪು ಇಟ್ಟರೆ ಏನೂ ಕೇಳಿಸದು. ನಾಡಿ ಹಿಡಿದರೆ ಇಡೀ ಹೆಲಿಕಾಪ್ಟರೇ ಬೆರಳಡಿ ನಡುಗುತ್ತಿತ್ತು. ಅವಳದೋ, ನನ್ನದೋ, ಯಂತ್ರದ್ದೋ ಗೊತ್ತಾಗದು. ಉಳಿದದ್ದು ಬಣ್ಣ ನೋಡುವುದೊಂದೇ. ರಕ್ತ ಹೋದವರ ತುಟಿ, ಅಂಗೈ ಬಿಳಿಚುತ್ತವೆ. ಇವಳದು ಎಲ್ಲ ಹಳದಿ. ಕಣ್ಣು ಮುಚ್ಚಿತ್ತು. ಹೆಣದ ಹೊಟ್ಟೆ ಒತ್ತಿಕೊಂಡು ಕೂತಿದ್ದೇನೋ ಎನಿಸಿತು.

ಒರೆಸಿಬಿಡಲೇ? ಒರೆಸಿದ ಮೇಲೆ ಸತ್ತರೆ ಆ ತಾಯಿಗೆ ಯಾವ ಮುಖ ತೋರಿಸಲಿ? ತಾಯಿಯ ಮೇಲೆ, ಡಾಕ್ಟರ ಮೇಲೆ, ಮೈಲಾರಲಿಂಗನ ಮೇಲೂ ಸಿಟ್ಟು ಬಂತು. ದೇವರೇ, ಹಚ್ಚುವುದಕ್ಕೆ ಹಣೆಯೊಂದು ಸಾಲದಾಗಿತ್ತೇ?

ಒರೆಸಲು ಕೈ ಬರಲಿಲ್ಲ. ಕೊನೆಗೆ ಅವಳ ಕೆಳದುಟಿಯನ್ನು ಬೆರಳಿನಿಂದ ಹೊರಕ್ಕೆ ಮಡಚಿದೆ. ಒಳಗೆ ಭಂಡಾರ ತಾಕಿರಲಿಲ್ಲ. ಬಿಳಿಚಿತ್ತು, ಆದರೂ ಒಂದಿಷ್ಟು ಕೆಂಪು ಉಳಿದಂತಿತ್ತು. ನಂಬಿಕೆ ಬಾರದೆ ಇನ್ನೊಮ್ಮೆ ಬೆರಳಿಟ್ಟೆ. ಕಚ್ಚಿದಳು.

ನೋವಿಗೋ ಸಂತೋಷಕ್ಕೋ, ಅತ್ತುಬಿಟ್ಟೆ. ಒಂದು ಕೈ ಹೊಟ್ಟೆಯ ಮೇಲೆ, ಇನ್ನೊಂದರ ಬೆರಳು ಅವಳ ಹಲ್ಲಿನ ನಡುವೆ. ಹಿಡಿತ ಸಡಿಲಾದಾಗಲೆಲ್ಲ ಹೆದರಿ, ನಾನೇ ಕೆಣಕಿ ಮತ್ತೆ ಕಚ್ಚಿಸಿಕೊಂಡೆ. ಬಳ್ಳಾರಿಯಲ್ಲಿ ಸ್ಟ್ರೆಚರಿಗೆ ಇಳಿಸುವಾಗಲೂ ಅವಳು ನನ್ನ ಬೆರಳು ಬಿಟ್ಟಿರಲಿಲ್ಲ.