ಬೈಸಿಕೊಳ್ಳುವ ಹುದ್ದೆ

ಮನುಷ್ಯರು ಕಟ್ಟಿದ ಸಂಸ್ಥೆಗಳೆಲ್ಲ ನಿಂತಿರುವುದು ಮಾತಿನ ಮೇಲೆ. ಕಬನೂರಿನ ನಮ್ಮ ಮಗ್ಗದ ಶೆಡ್ಡು ಮಾತ್ರ ನನ್ನನ್ನು ಬೈಯುವುದರ ಮೇಲೆ ನಿಂತಿತ್ತು.

ನಾನು ಅಲ್ಲಿ ಹಾಜರಿ ಬರೆಯುವ ದಿವಾನಜಿ. ಮಾಲೀಕರಾದ ಭೂಪಾಲಣ್ಣ ತಪ್ಪು ಮಾಡಿದವನನ್ನು ಜನ್ಮದಲ್ಲಿ ಬೈದವರಲ್ಲ. ನೇಕಾರನೊಬ್ಬ ಬಟ್ಟೆ ಕೆಡಿಸಿದರೆ ಅವನ ಮಗ್ಗದ ಪಕ್ಕಕ್ಕೆ ನನ್ನನ್ನು ಕರೆಸಿ, ಹದಿನಾರು ಮಗ್ಗಗಳ ಸದ್ದನ್ನೂ ಮೀರಿ, "ಏನ್ರೀ ದಿವಾನಜಿ, ಕಣ್ಣ ಎಲ್ಲಿಟ್ಟೀರಿ?" ಎಂದು ಕೂಗುತ್ತಿದ್ದರು. ನಾನು ತಲೆ ತಗ್ಗಿಸುತ್ತಿದ್ದೆ. ನೇಕಾರ ಮಗ್ಗ ನಿಲ್ಲಿಸಿ ತಪ್ಪು ತಿದ್ದಿಕೊಳ್ಳುತ್ತಿದ್ದ. ಮಧ್ಯಾಹ್ನ ನನಗೊಂದು ಚಹಾ ಕುಡಿಸುತ್ತಿದ್ದ. ಇದಕ್ಕಿಂತ ಸುಸೂತ್ರವಾದ ನ್ಯಾಯಪದ್ಧತಿಯನ್ನು ನಾನು ಕಂಡಿಲ್ಲ. ಹಿಂದಿನ ಅರಸರು ಮಂತ್ರಿಗಳನ್ನು ಇಟ್ಟುಕೊಂಡದ್ದು ಸಲಹೆಗಾಗಿ ಎನ್ನುತ್ತಾರೆ. ನನಗೆ ನಂಬಿಕೆಯಿಲ್ಲ. ಸೇನಾಪತಿಯನ್ನು ಬೈಯುವ ಧೈರ್ಯ ಅರಸರಿಗೆ ಇದ್ದಿರಲಿಕ್ಕಿಲ್ಲ.

ಭೂಪಾಲಣ್ಣನ ಮಗಳು ಸ್ನೇಹಲ್ ಕೊಲ್ಲಾಪುರದಲ್ಲಿ ಮ್ಯಾನೇಜ್‌ಮೆಂಟ್ ಓದು ಮುಗಿಸಿ ಶೆಡ್ಡಿಗೆ ಬಂದಳು. ಒಂದು ವಾರ ಸುಮ್ಮನೆ ನೋಡಿದಳು. ಆಮೇಲೆ ನನ್ನೆದುರಿಗೇ ಕೇಳಿದಳು.

"ಪಪ್ಪಾ, ದಿವಾನಜಿ ಕಾಕಾ ಏನ ತಪ್ಪ ಮಾಡ್ಯಾರ?"

"ಏನೂ ಮಾಡಿಲ್ಲ. ಭಾಳ ಚಲೋ ಮನಷ್ಯಾ."

"ಮತ್ಯಾಕ ಬೈತೀರಿ?"

"ಬ್ಯಾರೇದವರಿಗೆ ಬೈದ್ರ ಬಿಟ್ಟ ಹೋಗ್ತಾರವಾ."

ನಾಳೆಯಿಂದ ಯಾರ ತಪ್ಪೋ ಅವರಿಗೇ ನೇರವಾಗಿ ಹೇಳತಕ್ಕದ್ದು ಎಂದು ಸ್ನೇಹಲ್ ಕಾನೂನು ಮಾಡಿದಳು. ನನ್ನನ್ನು ಯಾರೂ ಬೈಯಲಿಲ್ಲ. ಚಹಾಗಳೂ ನಿಂತವು. ಉಂಡದ್ದು ಮೈಗೆ ಹತ್ತದಾಯಿತು, "ಮೈಯಾಗ ಆರಾಮಿಲ್ಲೇನ್ರಿ?" ಎಂದು ಹೆಂಡತಿ ಹಣೆ ಮುಟ್ಟಿ ನೋಡಿದಳು.

ಸೋಮವಾರ ಮಾದೇವ ತಡವಾಗಿ ಬಂದ. ಮಗ್ಗ ರಿಪೇರಿ ಮಾಡುವ ನಮ್ಮ ಜಾಬರ್ ಅವನು; ಊರು ಗಡಹಿಂಗ್ಲಜದ ಹತ್ತಿರದ ನೂಲ. ಪ್ರತಿ ಭಾನುವಾರ ಊರಿಗೆ ಹೋಗಿ, ಸೋಮವಾರ ಮೊದಲ ಬಸ್ಸು ಹಿಡಿದರೂ ಎಂಟರ ಬದಲು ಒಂಬತ್ತಕ್ಕೆ ಮುಟ್ಟುತ್ತಿದ್ದ. ಇಷ್ಟು ವರ್ಷ ಆ ಒಂದು ತಾಸಿನ ಬೈಗುಳವನ್ನು ನಾನೇ ಸ್ವೀಕರಿಸಿದ್ದೆ. ಈಗ ಮಗಳು ನೋಡುತ್ತಿದ್ದಳು. ಭೂಪಾಲಣ್ಣ ಮೆಲ್ಲಗೆ, "ಮಾದೇವಾ, ಎಂಟಕ್ಕ ಬರಬೇಕಪಾ" ಎಂದರು.

ಮಾದೇವ ನಟ್ಟು-ಬೋಲ್ಟು ಬಿಗಿಯುವ ತನ್ನ ಪಾನಾವನ್ನು ನನ್ನ ಮೇಜಿನ ಮೇಲಿಟ್ಟು ನೂಲಕ್ಕೆ ವಾಪಸು ಹೋದ.

ಬುಧವಾರದ ಹೊತ್ತಿಗೆ ಏಳು ಮಗ್ಗ ನಿಂತಿದ್ದವು. ಶನಿವಾರ ಮಾಲು ಬರದಿದ್ದರೆ ಮುಂದಿನ ಆರ್ಡರು ಬೇರೆ ಶೆಡ್ಡಿಗೆ ಎಂದು ವ್ಯಾಪಾರಿ ಹೇಳಿಕಳಿಸಿದ. ಗುರುವಾರ ಬೆಳಿಗ್ಗೆ ನಾವು ಮೂವರೂ ಕಾರಿನಲ್ಲಿ ನೂಲಕ್ಕೆ ಹೊರಟೆವು. ಹೇಗೆ ಕ್ಷಮೆ ಕೇಳಬೇಕೆಂದು ಸ್ನೇಹಲ್ ದಾರಿಯುದ್ದಕ್ಕೂ ತಾಲೀಮು ನಡೆಸಿದಳು.

ಮಾದೇವ ಎಮ್ಮೆ ತೊಳೆಯುತ್ತಿದ್ದ. ನಮ್ಮನ್ನು ನೋಡಿಯೂ ನೋಡದವನಂತೆ ಎಮ್ಮೆಯ ಅದೇ ಪಕ್ಕೆಯನ್ನು ಮೂರನೆಯ ಸಲ ತೊಳೆದ. ಭೂಪಾಲಣ್ಣ ಕಾರಿನ ಕನ್ನಡಿ ಒರೆಸತೊಡಗಿದರು. ಸ್ನೇಹಲ್ ಮಾದೇವನನ್ನು ನೋಡಿದಳು, ಅಪ್ಪನನ್ನು ನೋಡಿದಳು, ಗಿರಕ್ಕನೆ ನನ್ನತ್ತ ತಿರುಗಿದಳು.

"ಏನ್ರೀ ಕಾಕಾ! ನೂಲದ ಬಸ್ ಎಷ್ಟಕ್ಕ ಬರತೈತಿ ಅನ್ನೂದೂ ಗೊತ್ತಿಲ್ದ ಹಾಜರಿ ಬರೀತೀರೇನು? ನಾಚಿಕಿ ಬರೂದಿಲ್ಲ?"

ನಾನು ತಲೆ ತಗ್ಗಿಸಿದೆ. ನಗು ಕಾಣಿಸಬಾರದಲ್ಲ.

"ಇರಲಿ ಬಿಡ್ರಿ ಅಕ್ಕಾರ, ವಯಸ್ಸಾದವ್ರು," ಎನ್ನುತ್ತ ಮಾದೇವ ಕೈ ಒರೆಸಿಕೊಂಡು ಬಂದ. "ಅವರದ ಅಷ್ಟ ಏನ ತಪ್ಪಿಲ್ಲ. ಒಳಗ ಬರ್ರಿ, ಚಹಾ ಕುಡೀರಿ."

ಶನಿವಾರ ಮಾಲು ಹೋಯಿತು. ಸೋಮವಾರ ಮಾದೇವ ಒಂಬತ್ತಕ್ಕೆ ಬಂದ; ನನ್ನನ್ನು ಬೈಯಲಾಯಿತು.